ವೂಫರ್ ಬದಲಿಸಬೇಕೋ ಬೇಡವೋ: ಡಿಕ್ಕಿ ತುಂಬ ನಡೆಸಿದ ಪ್ರಯೋಗ

ನನ್ನ ಗಾಡಿಯ ಡಿಕ್ಕಿಯಲ್ಲಿ ಈಗಲೂ ಅದೇ ಹಳೇ 12 ಇಂಚಿನ ವೂಫರ್, ಅಂದರೆ ಬಾಸ್ (ತಗ್ಗಿನ ಸ್ವರ) ನುಡಿಸುವ ಸ್ಪೀಕರ್, ಇದೆ. ತಂದಾಗ ನಾಲ್ಕೂವರೆ ಸಾವಿರವೋ ಐದು ಸಾವಿರವೋ. ಡಬ್ಬದ ಮೇಲೆ ದಪ್ಪಕ್ಷರದಲ್ಲಿ 1300 ವ್ಯಾಟ್, ಒಳಗಿನ ಚೀಟಿಯಲ್ಲಿ ಸಣ್ಣಕ್ಷರದಲ್ಲಿ 250 ವ್ಯಾಟ್ ಆರ್‌ಎಂಎಸ್, ಅಂದರೆ ಒಂದೇ ಸಮನೆ ತಡೆಯುವ ಪವರ್. ಇದನ್ನು ಕಿತ್ತುಹಾಕಿ ದೊಡ್ಡದು ಕೂರಿಸು ಅಂತ ಹೇಳದವರೇ ಇಲ್ಲ. ಬೆಂಗಳೂರಿನ ಜೆ.ಸಿ. ರೋಡಿನ ಕಾರ್ ಆಡಿಯೋ ಅಂಗಡಿಯಲ್ಲಿ ಹೇಳಿದರು, ಇದೇ ಹುಚ್ಚಿರುವ ಗೆಳೆಯರು ಹೇಳಿದರು, ನನ್ನ ಬಾಮೈದನಂತೂ ಹೇಳಿ ಸುಮ್ಮನಾಗದೆ ತಾನೇ ಒಂದು ದುಬಾರಿ ವೂಫರ್ ತಂದು ತೋರಿಸಿದ. ನಾನು ಬದಲಿಸಲಿಲ್ಲ. ಬದಲಿಸದೆ ಹತ್ತು ಸಾವಿರದೊಳಗೆ ಏನೇನು ಮಾಡಿದೆ, ಅದರಲ್ಲಿ ಯಾವುದು ಕೆಲಸಕ್ಕೆ ಬಂತು, ಯಾವುದು ದಂಡ, ಕೊನೆಗೆ ಬಾಮೈದನ ವೂಫರನ್ನೇ ಪಕ್ಕದಲ್ಲಿಟ್ಟು ಹೇಗೆ ತೀರ್ಮಾನಕ್ಕೆ ಬಂದೆ ಅನ್ನೋದನ್ನು ಬರೆಯುತ್ತಿದ್ದೇನೆ. ಗೇನ್ ಅಂದರೇನು, ಆರ್‌ಸಿಎ ಎಲ್ಲಿಗೆ ಚುಚ್ಚಬೇಕು ಅನ್ನೋದೆಲ್ಲ ಗೊತ್ತಿರುವವರಿಗೆ ಇದು. ಅಲ್ಲಿಂದ ಶುರು ಮಾಡಿದರೆ ಮುಗಿಯೋದಿಲ್ಲ.

ಮನೆ ತುಮಕೂರು, ಕೆಲಸ ಪೀಣ್ಯದಲ್ಲಿ. ಹೋಗಿ ಬರೋದು ದಿನಕ್ಕೆ ನೂರಿಪ್ಪತ್ತು ಕಿಲೋಮೀಟರಿನ ಆಸುಪಾಸು, ಅಷ್ಟೂ ಹೊತ್ತು ಹಾಡೇ ಜೊತೆ. ಗಾಡಿ 2014ರ ಪೆಟ್ರೋಲ್ ಹ್ಯಾಚ್‌ಬ್ಯಾಕ್. ಮುಂದಿನ ಬಾಗಿಲಲ್ಲಿ ಆರೂವರೆ ಇಂಚಿನ ಕಾಂಪೊನೆಂಟ್ ಸ್ಪೀಕರ್, ಟೈಮ್ ಅಲೈನ್‌ಮೆಂಟ್ (ಎಲ್ಲ ಸ್ಪೀಕರಿನ ಸದ್ದೂ ಒಟ್ಟಿಗೆ ಕಿವಿಗೆ ಮುಟ್ಟಿಸುವ ಸೌಲಭ್ಯ) ಇರುವ ಹೆಡ್ ಯೂನಿಟ್, ಅಂದರೆ ಡ್ಯಾಶ್‌ಬೋರ್ಡಿನ ಸ್ಟೀರಿಯೋ, ಹಿಂದೆ ಎರಡು ಚಾನೆಲ್ ಸೇರಿಸಿ (ಬ್ರಿಜ್ ಮಾಡಿ) ಬಳಸುವ ಹಳೇ ಕ್ಲಾಸ್ ಎಬಿ ಆಂಪ್ (ಆಂಪ್ಲಿಫೈಯರ್), 4 ಓಮ್‌ಗೆ 300 ವ್ಯಾಟ್ ಕೊಡುವಂಥದ್ದು. ಬಾಸ್ ಇರಲಿಲ್ಲ ಅಂತಲ್ಲ. ಇತ್ತು, ಆದರೆ ಎಲ್ಲಕ್ಕೂ ಒಂದೇ ಸ್ವರ. ಡೊಳ್ಳು ಹಾಕಿದರೂ 'ಗುಂಯ್', ಬಾಸ್ ಗಿಟಾರಿನ ಯಾವ ತಂತಿ ಮೀಟಿದರೂ 'ಗುಂಯ್', ಮೃದಂಗದ ಎಡಗೈ ಪೆಟ್ಟಿಗೂ ಅದೇ 'ಗುಂಯ್'. ಗಡಿಗೆಯೊಳಗೆ ಬಾಯಿಟ್ಟು ಕೂಗಿದ ಹಾಗೆ. ನೆಲಮಂಗಲ ದಾಟಿ ಎಂಬತ್ತರ ಮೇಲೆ ಓಡಿಸಿದರೆ ಅದೂ ಟೈರ್ ಸದ್ದಿನಲ್ಲಿ ಮುಳುಗಿ ಹೋಗುತ್ತಿತ್ತು.

ಅಂಗಡಿಯವರು ಬೋನೆಟ್ ಎತ್ತಲಿಲ್ಲ, ಮೀಟರ್ ತೆಗೆಯಲಿಲ್ಲ. ಡಿಕ್ಕಿಗೆ ಒಮ್ಮೆ ಇಣುಕಿ, "ಸಾರ್, ಇದು ಬೇಸಿಕ್ ಮಾಡೆಲ್ಲು, ಇದರಲ್ಲಿ ಇಷ್ಟೇ ಬರೋದು" ಅಂದರು. ಕೊಟ್ಟ ಲೆಕ್ಕ ಹೆಚ್ಚು ಕಡಿಮೆ ಹೀಗಿತ್ತು: 500 ವ್ಯಾಟ್ ಆರ್‌ಎಂಎಸ್ ವೂಫರ್ ಹದಿನೈದು ಸಾವಿರ, ಅದಕ್ಕೆ ತಕ್ಕ ಮೋನೋ ಆಂಪ್ ಹದಿನಾಲ್ಕು, ವೈರಿಂಗ್ ಕಿಟ್ ನಾಲ್ಕು, ಬಾಕ್ಸ್ ಐದು. ಮೂವತ್ತೆಂಟು ಸಾವಿರ. "ಹಳೇದು ಒಂದೂವರೆಗೆ ನಾವೇ ತಗೋತೀವಿ" ಅನ್ನೋ ಉಪಕಾರ ಬೇರೆ.

ಈ ಲೆಕ್ಕದಲ್ಲಿ ಒಂದು ಮಾತು ಯಾರೂ ಹೇಳಲ್ಲ. ಹೆಚ್ಚು ವ್ಯಾಟ್ ತಡೆಯುವ ವೂಫರ್ ಅಂದರೆ ಹೆಚ್ಚು ಸದ್ದು ಮಾಡುವ ವೂಫರ್ ಅಂತಲ್ಲ. ಅಂಥದ್ದರಲ್ಲಿ ಕಾಯಿಲ್ (ಒಳಗಿನ ತಂತಿಸುರುಳಿ) ದಪ್ಪ, ಅಲುಗಾಡುವ ಕೋನ್ ಭಾರ, ಕೋನಿನ ಸುತ್ತಲ ಅಂಚು, ಅಂದರೆ ಸರೌಂಡ್, ಬಿಗಿ. ಅದನ್ನು ಅಲುಗಾಡಿಸೋಕೇ ಕರೆಂಟ್ ಬೇಕು. ಸೆನ್ಸಿಟಿವಿಟಿ, ಅಂದರೆ ಅಷ್ಟೇ ಪವರಿಗೆ ಎಷ್ಟು ಸದ್ದು ಅನ್ನೋದು, ನನ್ನ ವೂಫರಿನ ಚೀಟಿಯಲ್ಲಿ 88 ಡಿಬಿ (ಡೆಸಿಬಲ್) ಇತ್ತು, ಅವರು ತೋರಿಸಿದ್ದರಲ್ಲಿ 84. ನಾಲ್ಕು ಡಿಬಿ ಕಡಿಮೆ ಅಂದರೆ ಅಷ್ಟೇ ಸದ್ದಿಗೆ ಎರಡೂವರೆ ಪಟ್ಟು ಪವರ್. ಅಂದರೆ ನನ್ನ 300 ವ್ಯಾಟ್ ಆಂಪಿಗೇ ಹದಿನೈದು ಸಾವಿರದ ವೂಫರ್ ಸಿಕ್ಕಿಸಿದ್ದರೆ ಸದ್ದು ಈಗಿನದ್ದಕ್ಕಿಂತ ಇಳಿಯುತ್ತಿತ್ತು. ಆಗ ಆಂಪ್ ಬದಲಿಸು, ವೈರ್ ಬದಲಿಸು, ಬ್ಯಾಟರಿ ನೋಡು, ಆಲ್ಟರ್ನೇಟರ್ ನೋಡು. ಈ ಸರಪಳಿಗೆ ಕೊನೆ ಇಲ್ಲ. ಸಣ್ಣ ಪೆಟ್ರೋಲ್ ಗಾಡಿಯ ಆಲ್ಟರ್ನೇಟರ್ ಎಪ್ಪತ್ತು ಎಂಬತ್ತು ಆಂಪಿಯರ್ ಇದ್ದರೆ ಹೆಚ್ಚು. ಎಸಿ, ಹೆಡ್‌ಲೈಟ್, ಫ್ಯಾನು ತಿಂದು ಉಳಿದದ್ದೇ ನಮಗೆ.

ಹಾಗಾಗಿ ನಾನು ಹಾಕಿಕೊಂಡ ಕರಾರು ಇಷ್ಟು. ಇರುವ ವೂಫರ್ ನಿಜವಾಗಿ ಏನು ಮಾಡಬಲ್ಲದು ಅನ್ನೋದನ್ನು ಮೊದಲು ಪೂರ್ತಿ ಕೇಳಬೇಕು. ಅದಕ್ಕೆ ಅಡ್ಡ ಬರುವುದನ್ನೆಲ್ಲ ತೆಗೆಯಬೇಕು. ಆಮೇಲೂ ಸಾಲದು ಅನ್ನಿಸಿದರೆ ದುಡ್ಡು ಬಿಚ್ಚೋದು. ಇದನ್ನು ಕೇಳಿ ನಕ್ಕವರೇ ಎಲ್ಲ. "ಭಾವ, ನೀವು ಬೋಲ್ಟು ನಟ್ಟಿಗೆ ಉಳಿಸಿ ಎಂಜಿನ್ನಿಗೆ ಸುರೀತೀರ" ಅಂದ ಬಾಮೈದ.

ವೂಫರಿನ ಆರೋಗ್ಯ ನೋಡೋದು ಐದು ನಿಮಿಷದ ಕೆಲಸ. ವೈರ್ ಕಳಚಿ ಮೀಟರ್ ಇಟ್ಟರೆ 4 ಓಮ್ ಕಾಯಿಲ್ ಮೂರೂವರೆ ಚಿಲ್ಲರೆ ತೋರಿಸಬೇಕು, ನನ್ನದು 3.6 ಆಸುಪಾಸು ಇತ್ತು. ಎರಡೂ ಕೈಯ ಬೆರಳು ಸಮವಾಗಿ ಇಟ್ಟು ಕೋನ್ ಒತ್ತಿದರೆ ಕೆರೆಯುವ ಸದ್ದು ಬರಬಾರದು. 9 ವೋಲ್ಟ್ ಬ್ಯಾಟರಿ ಪ್ಲಸ್‌ಗೆ ಪ್ಲಸ್ ಮುಟ್ಟಿಸಿದರೆ ಕೋನ್ ಹೊರಗೆ ಬರಬೇಕು. ಮೂರೂ ಸರಿ ಇತ್ತು. ಕಾಯಿಲ್ ಸುಟ್ಟ ವಾಸನೆ ಇದ್ದರೆ ಅಥವಾ ಕೆರೆಯುತ್ತಿದ್ದರೆ ಈ ಬರಹ ಇಲ್ಲಿಗೇ ಬಿಡಿ, ನಿಮಗೆ ಹೊಸದೇ ಗತಿ.

ದಂಡವಾದವು ಮೊದಲು ಹೇಳಿಬಿಡ್ತೀನಿ. 1 ಫ್ಯಾರಡ್ ಕೆಪಾಸಿಟರ್, ನೀಲಿ ಲೈಟು, ವೋಲ್ಟ್ ಮೀಟರ್ ಎಲ್ಲ ಇರುವುದು, ಎರಡು ಸಾವಿರ ಚಿಲ್ಲರೆ. ನೋಡೋಕೆ ಚೆಂದ. ಲೆಕ್ಕ ಹಾಕಿ: 14 ವೋಲ್ಟಿನಿಂದ 12ಕ್ಕೆ ಇಳಿಯುವಾಗ ಅದು ಕೊಡೋದು 26 ಜೌಲ್. ನನ್ನ ಆಂಪ್ ಜೋರಾಗಿ ಆಡುವಾಗ ಬ್ಯಾಟರಿಯಿಂದ ನಾನೂರು ವ್ಯಾಟ್ ಎಳೆಯುತ್ತೆ ಅಂದುಕೊಂಡರೂ ಸೆಕೆಂಡಿನ ಹದಿನೈದನೇ ಒಂದು ಭಾಗಕ್ಕೆ ಆ ಜೌಲ್ ಖಾಲಿ. ಒಂದು ಡೊಳ್ಳಿನ ಪೆಟ್ಟಿಗೂ ಸಾಲಲ್ಲ. ಈಗ ಅದು ಮನೆಯ ಶೋಕೇಸಿನಲ್ಲಿದೆ. ಸೀಟಿನ ಅಡಿಯ ತೆಳು 8 ಇಂಚಿನ ವೂಫರನ್ನೂ ಜೊತೆಗೆ ಹಾಕಿ ನೋಡಿದೆ. 60 ಹರ್ಟ್ಸ್‌ವರೆಗೆ (ಸೆಕೆಂಡಿಗೆ 60 ಕಂಪನ, ಅಂಕಿ ಇಳಿದಷ್ಟೂ ಸ್ವರ ತಗ್ಗು) ಪರವಾಗಿಲ್ಲ, ಅದಕ್ಕಿಂತ ಕೆಳಗೆ ಸೀಟು ನಡುಗುತ್ತೆ, ಕಿವಿಗೆ ಏನೂ ಬರಲ್ಲ. ಏಳು ಸಾವಿರಕ್ಕೆ ತಂದದ್ದು ಮೂರೂವರೆಗೆ ಹೋಯಿತು. ಚಿಕ್ಕ ಗಾಡಿಯಲ್ಲಿ ಡಿಕ್ಕಿ ಬಿಟ್ಟುಕೊಡಲಾಗದವರಿಗೆ ಅದೇ ಸರಿ, ನನ್ನ ಕೆಲಸಕ್ಕೆ ಅಲ್ಲ.

ಇನ್ನು ಬಾಕ್ಸ್. 'ಗುಂಯ್' ಅನ್ನುವುದರ ಮುಕ್ಕಾಲು ಪಾಲು ಇಲ್ಲೇ ಇತ್ತು. ಅಂಗಡಿಯಿಂದ ಸಿದ್ಧವಾಗಿ ಬಂದ ಬಾಕ್ಸ್, ಎಲ್ಲ ವೂಫರಿಗೂ ಒಂದೇ ಅಳತೆ, ಗಾಳಿ ಆಡಲು ಒಂದು ಪ್ಲಾಸ್ಟಿಕ್ ಕೊಳವೆ (ಇದೇ ಪೋರ್ಟು), ಕಪ್ಪು ಕಾರ್ಪೆಟ್. ಕಾರ್ಪೆಟ್ ಕಿತ್ತು ನೋಡಿದರೆ 12 ಎಂಎಂ ಪಾರ್ಟಿಕಲ್ ಬೋರ್ಡು, ಅಂಟು ಅರ್ಧಂಬರ್ಧ. ಊದಿನಕಡ್ಡಿ ಹಚ್ಚಿ ಮೂಲೆ ಮೂಲೆಗೂ ಹಿಡಿದು, 30 ಹರ್ಟ್ಸ್ ಟೋನ್ ಹಾಕಿದೆ. ಹಿಂದಿನ ಎರಡು ಮೂಲೆಯಲ್ಲಿ ಹೊಗೆ ಕುಣೀತಿತ್ತು. ಪೋರ್ಟು ಟ್ಯೂನ್ ಆಗಿದ್ದದ್ದು 48 ಹರ್ಟ್ಸಿನ ಹತ್ತಿರ. ಅಲ್ಲಿ ಒಂದು ಗುಡ್ಡ, ಅದರ ಕೆಳಗೆ ಆಕ್ಟೇವಿಗೆ, ಅಂದರೆ ಹರ್ಟ್ಸ್ ಅರ್ಧಕ್ಕೆ ಇಳಿದಾಗೆಲ್ಲ, 24 ಡಿಬಿ ಲೆಕ್ಕದಲ್ಲಿ ಪ್ರಪಾತ. ಎಲ್ಲ ವಾದ್ಯಕ್ಕೂ ಒಂದೇ ಸ್ವರ ಯಾಕೆ ಬರುತ್ತಿತ್ತು ಅಂತ ಬೇರೆ ಹೇಳಬೇಕಾಗಿಲ್ಲ.

ವಿನ್‌ಐಎಸ್‌ಡಿ ಅನ್ನೋದು ಬಾಕ್ಸಿನ ಅಳತೆ ಲೆಕ್ಕ ಹಾಕುವ ಪುಕ್ಕಟೆ ಸಾಫ್ಟ್‌ವೇರು, ಅದರಲ್ಲಿ ಚೀಟಿಯ ಅಂಕಿ ತುಂಬಿಸಿದೆ. ಮುಚ್ಚಿದ ಬಾಕ್ಸಿಗೆ ಮೂವತ್ತೆರಡು ಲೀಟರ್ ಸರಿ ಹೊಂದುತ್ತೆ ಅಂತು. ಪೋರ್ಟ್ ಇಲ್ಲದ ಬಾಕ್ಸು ಅಂದಕೂಡಲೇ ಗೆಳೆಯರ ಮುಖ ಸಣ್ಣಗಾಯಿತು: ಸದ್ದು ಕಡಿಮೆ ಆಗುತ್ತಲ್ಲ ಅಂತ. 45-50ರ ಹತ್ತಿರ ಕಡಿಮೆ ಆಗುತ್ತೆ, ಹೌದು. ಆದರೆ ಮುಚ್ಚಿದ ಬಾಕ್ಸ್ ಕೆಳಗೆ ಬೀಳೋದು ಆಕ್ಟೇವಿಗೆ 12 ಡಿಬಿ ಮಾತ್ರ. ಹ್ಯಾಚ್‌ಬ್ಯಾಕಿನಂಥ ಸಣ್ಣ ಗೂಡಿನಲ್ಲಿ ಅರವತ್ತು ಎಪ್ಪತ್ತು ಹರ್ಟ್ಸಿಗಿಂತ ಕೆಳಗೆ ಗಾಡಿಯೇ ಒತ್ತಡ ಏರಿಸುತ್ತಾ ಹೋಗುತ್ತೆ, ಪುಸ್ತಕದ ಪ್ರಕಾರ ಅದೂ ಆಕ್ಟೇವಿಗೆ 12. ಒಂದು ಇಳಿಯುತ್ತೆ, ಒಂದು ಏರುತ್ತೆ, ಹೆಚ್ಚು ಕಡಿಮೆ ಸಮ. ನಿಜದ ಗಾಡಿಯ ತಗಡು, ಗಾಜು ಸೋರೋದರಿಂದ ಪೂರ್ತಿ 12 ಸಿಗಲ್ಲ, ಆದರೂ ಮೂವತ್ತರವರೆಗೆ ಸಲೀಸಾಗಿ ಹೋಗುತ್ತೆ. ನಂಬದವರು ಒಂದು ಕಿಟಕಿ ಇಳಿಸಿ ನೋಡಿ, ತಳದ ಬಾಸ್ ಅಲ್ಲೇ ಹಾರಿಹೋಗುತ್ತೆ.

ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಲೇಔಟಿನಲ್ಲಿ 18 ಎಂಎಂ ಪ್ಲೈ ಕೊಯ್ಸಿದೆ. ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಯಾಕಲ್ಲ ಅಂತ ಕೇಳ್ತೀರಿ. ಡಿಕ್ಕಿಗೆ ಮಳೆಗಾಲದಲ್ಲಿ ನೀರಿನ ಪಸೆ ಬರುತ್ತೆ, ಎಂಡಿಎಫ್ ಅಂಚು ಉಬ್ಬಿದರೆ ಮುಗೀತು. ಜೋಡಿಸಿದ್ದು ನಮ್ಮ ಬೀದಿಯ ಆಚಾರ್ರು. "ಏನ್ರೀ ಇದು, ಬಾಗಿಲಿಲ್ಲ, ತೂತಿಲ್ಲ, ಇದರಲ್ಲಿ ಏನಿಡ್ತೀರಿ?" ಅಂದರು. "ಗಾಳಿ ಇಡ್ತೀನಿ ಆಚಾರ್ರೇ, ಒಂದು ಚೂರೂ ಸೋರಬಾರದು" ಅಂದೆ. ಅದನ್ನು ಅವರು ಸವಾಲು ಅಂತ ತಗೊಂಡರು. ಕೀಲು ಕೀಲಿಗೂ ಅಂಟು, ಒಳಗೆ ಅಡ್ಡಪಟ್ಟಿ, ಸ್ಕ್ರೂ ನಾಲ್ಕು ಇಂಚಿಗೊಂದು. ಮರ, ಕೂಲಿ, ಕಾರ್ಪೆಟ್ ಸೇರಿ ಮೂರು ಸಾವಿರದ ಎಂಟುನೂರರ ಹತ್ತಿರ ಆಯಿತು. ಒಳಗಿನ ಮೂಲೆಗೆ ಸಿಲಿಕಾನ್ ಬಳಿದ ಮೇಲೆ ಒಂದು ದಿನ ಪೂರ್ತಿ ಗಾಳಿಗೆ ಬಿಡಿ. ವಿನೆಗರ್ ವಾಸನೆ ಬರುವ ಸಿಲಿಕಾನ್ ಆರುವ ಮುಂಚೆ ವೂಫರ್ ಕೂರಿಸಿದರೆ ಆ ಆವಿ ಫೋಮ್ ಸರೌಂಡಿಗೆ ಒಳ್ಳೆಯದಲ್ಲ. ಆಮೇಲೆ ಮತ್ತೆ ಊದಿನಕಡ್ಡಿ. ಹೊಗೆ ನೆಟ್ಟಗೆ ಮೇಲೆ ಹೋಯಿತು.

ನಡುವೆ ಒಂದು ಸಣ್ಣ ಹುಚ್ಚು. ದಿಂಬಿಗೆ ತುಂಬುವ ಪಾಲಿಯೆಸ್ಟರ್ ನಾರು ತಂದು ಬಾಕ್ಸಿಗೆ ತುಂಬಿ ನೋಡಿದೆ. ಅರ್ಧ ಕೆಜಿಯವರೆಗೆ ಬಾಸ್ ಮೆತ್ತಗಾಗಿ ಕೆಳಗಿಳಿಯಿತು, ಬಾಕ್ಸ್ ಸ್ವಲ್ಪ ದೊಡ್ಡದಾದ ಹಾಗೆ. ಒಂದು ಕೆಜಿ ಹತ್ತಿರ ಬಂದಾಗ ಸತ್ತೇ ಹೋಯಿತು. ಊರಿಂದ ಬೂರುಗದ ಹತ್ತಿ ತಂದೂ ನೋಡಿದೆ. ಕೆಲಸ ಮಾಡುತ್ತೆ, ಆದರೆ ಧೂಳಾಗಿ ಕಾಯಿಲ್ ಒಳಗೆ ಹೋದೀತು ಅಂತ ತೆಗೆದೆ. ಈಗ ಎಷ್ಟಿದೆ, ಎಲ್ಲಿ ಅಂಟಿಸಿದ್ದೇನೆ ಅನ್ನೋದು ಬಾಕ್ಸ್ ಬಿಚ್ಚಿದವರಿಗೆ ಗೊತ್ತಾಗಲಿ.

ವೈರಿನ ವಿಷಯ. ಕಿಟ್ ಜೊತೆ ಬಂದ ವೈರು ಕೆರೆದು ನೋಡಿದರೆ ಒಳಗೆ ಬೆಳ್ಳಗೆ, ಅಲ್ಯೂಮಿನಿಯಂ ಮೇಲೆ ತಾಮ್ರದ ಲೇಪ. ಎಂಜಿನ್ ಓಡುವಾಗ ಬ್ಯಾಟರಿ ಮೇಲೆ 13.9 ವೋಲ್ಟ್ ಇದ್ದರೆ, ಜೋರು ಬಾಸಿನಲ್ಲಿ ಆಂಪ್ ತುದಿಯಲ್ಲಿ ಹನ್ನೆರಡು ಚಿಲ್ಲರೆ. ಇದಕ್ಕೆ ನಾನು ಆಡಿಯೋ ಅಂಗಡಿಗೆ ಹೋಗಲೇ ಇಲ್ಲ. ಪೀಣ್ಯದಲ್ಲಿ ವೆಲ್ಡಿಂಗ್ ಸಾಮಾನು ಮಾರುವ ಕಡೆ 25 ಚದರ ಮಿಲಿಮೀಟರಿನ ತಾಮ್ರದ ವೆಲ್ಡಿಂಗ್ ಕೇಬಲ್ ಸಿಗುತ್ತೆ, 4 ಗೇಜಿಗಿಂತ ಒಂದು ಕೈ ದಪ್ಪ. ರಬ್ಬರ್ ಹೊದಿಕೆ ಎಣ್ಣೆಗೂ ಶಾಖಕ್ಕೂ ಜಗ್ಗಲ್ಲ, ಮೃದುವಾಗಿ ಬಗ್ಗುತ್ತೆ. ಅಲ್ಯೂಮಿನಿಯಂದೂ ಅದೇ ಬಣ್ಣದಲ್ಲಿ ಬರುತ್ತೆ, ತುದಿ ಕೊಯ್ಸಿ ನೋಡಿ ತಗೊಳ್ಳಿ. ಮೀಟರಿಗೆ ಮುನ್ನೂರು ಚಿಲ್ಲರೆ ಕೊಟ್ಟ ನೆನಪು. ಬ್ಯಾಟರಿಯಿಂದ ಒಂದು ಗೇಣಿನೊಳಗೆ ಫ್ಯೂಸು. ಅರ್ತಿಂಗ್ ತುದಿಗೆ ಸೀಟ್ ಬೆಲ್ಟಿನ ಬೋಲ್ಟ್ ಮುಟ್ಟಬೇಡಿ. ಡಿಕ್ಕಿಯ ತಗಡಿನ ಪೇಂಟು ಹೊಳೆಯುವ ತನಕ ಕೆರೆದು, ಬೇರೆ ಬೋಲ್ಟ್ ಹಾಕಿ, ಮೇಲೆ ಗ್ರೀಸು. ಈಗ ಆಂಪ್ ತುದಿಯಲ್ಲಿ 13.5 ಕೆಳಗೆ ಇಳಿದದ್ದು ಕಂಡಿಲ್ಲ.

ಇದರಿಂದ ಸದ್ದು ಎಷ್ಟು ಏರಿತು? ಪ್ರಾಮಾಣಿಕವಾಗಿ ಹೇಳಬೇಕಂದ್ರೆ ಒಂದು ಡಿಬಿ ಕೂಡ ಇಲ್ಲ. ಕಿವಿಗೆ ಗೊತ್ತೇ ಆಗಲ್ಲ. ಗೊತ್ತಾದದ್ದು ಬೇರೆ: ಜೋರು ಮಾಡಿದಾಗ ಒಡೆದು ಬರುತ್ತಿದ್ದ ದನಿ ನಿಂತಿತು, ರಾತ್ರಿ ಹೆಡ್‌ಲೈಟ್ ಮಿಣಮಿಣ ಅನ್ನೋದು ನಿಂತಿತು. ವೈರ್ ಬದಲಿಸಿದರೆ ಬಾಸ್ ಡಬಲ್ ಅಂತ ಯಾರಾದರೂ ಹೇಳಿದರೆ ಮೀಟರ್ ತೋರಿಸು ಅನ್ನಿ. ಗೇನ್ (ಒಳಬರುವ ಸಿಗ್ನಲನ್ನು ಆಂಪ್ ಎಷ್ಟು ಹಿಗ್ಗಿಸಬೇಕು ಅನ್ನೋ ತಿರುಪು) ಎಲ್ಲರೂ ಇಡುವ ಹಾಗೇ ಇಟ್ಟೆ: 50 ಹರ್ಟ್ಸ್ ಟೋನ್, ವೂಫರ್ ಕಳಚಿ ಮೀಟರ್, 250 ವ್ಯಾಟ್ 4 ಓಮ್‌ಗೆ 31.6 ವೋಲ್ಟ್. ಅಂಗಡಿಯವರು ಇಟ್ಟಿದ್ದ ಗೇನ್ ಮುಕ್ಕಾಲು ಸುತ್ತು ಹೆಚ್ಚಿಗೆ ಇತ್ತು.

ಈಗ ಅಸಲು ಕಥೆ: ಫೇಸ್, ಅಂದರೆ ಎರಡು ಸ್ಪೀಕರಿನ ಅಲೆಗಳು ಒಟ್ಟಿಗೆ ಏರಿಳಿಯುತ್ತವೋ ಒಂದಕ್ಕೊಂದು ಎದುರಾಗುತ್ತವೋ ಅನ್ನೋದು. ಇಷ್ಟೆಲ್ಲ ಮಾಡಿದ ಮೇಲೂ ಡೊಳ್ಳಿನ ಗುದ್ದು ಎದೆಗೆ ತಾಗುತ್ತಿರಲಿಲ್ಲ. ಬಾಸ್ ಹಿಂದೆ ಡಿಕ್ಕಿಯಲ್ಲಿ, ಹಾಡು ಮುಂದೆ ಡ್ಯಾಶ್‌ಬೋರ್ಡಿನಲ್ಲಿ, ನಡುವೆ ಏನೋ ಕಾಣೆ. ಗೆಳೆಯನೊಬ್ಬನಿಂದ ಯುಎಸ್‌ಬಿ ಅಳತೆ ಮೈಕು ಎರವಲು ತಂದು, ಸದ್ದು ಅಳೆಯುವ ಆರ್‌ಇಡಬ್ಲ್ಯು ಸಾಫ್ಟ್‌ವೇರು ಹಾಕಿದ ಲ್ಯಾಪ್‌ಟಾಪ್ ತೊಡೆ ಮೇಲಿಟ್ಟುಕೊಂಡು ನೋಡಿದರೆ 70ರಿಂದ 90 ಹರ್ಟ್ಸಿನ ನಡುವೆ ದೊಡ್ಡ ಹಳ್ಳ. ವೂಫರ್ ಒಂದೇ ಆಡಿದಾಗ ಹಳ್ಳ ಇಲ್ಲ, ಬಾಗಿಲ ಸ್ಪೀಕರ್ ಒಂದೇ ಆಡಿದಾಗ ಇಲ್ಲ. ಎರಡೂ ಸೇರಿದಾಗ ಮಾತ್ರ. ಒಂದನ್ನೊಂದು ತಿನ್ನುತ್ತಿದ್ದವು.

80 ಹರ್ಟ್ಸಿನ ಅಲೆಯ ಉದ್ದ 4.3 ಮೀಟರ್. ನನ್ನ ತಲೆಯಿಂದ ಬಲಬಾಗಿಲ ಸ್ಪೀಕರ್ ಒಂದು ಮೀಟರಿಗಿಂತ ಕಡಿಮೆ, ವೂಫರ್ ಎರಡು ಮೀಟರಿಗೆ ಸ್ವಲ್ಪ ಕಡಿಮೆ. ವ್ಯತ್ಯಾಸವೇ ಹತ್ತಿರ ಹತ್ತಿರ ಕಾಲು ಅಲೆ. ಅದರ ಮೇಲೆ ಬಾಗಿಲ ಸ್ಪೀಕರಿಗೆ ತಗ್ಗಿನ ಸ್ವರ ತಡೆಯುವ ಹೈಪಾಸ್ ಫಿಲ್ಟರ್ ಒಂದು ಕಡೆ, ವೂಫರಿಗೆ ಮೇಲಿನ ಸ್ವರ ತಡೆಯುವ ಲೋಪಾಸ್ ಫಿಲ್ಟರ್ ಇನ್ನೊಂದು ಕಡೆ ತಮ್ಮ ಪಾಲಿನ ಫೇಸ್ ತಿರುಗಿಸುತ್ತವೆ. ಹೆಡ್ ಯೂನಿಟ್ಟಿನಲ್ಲಿ ಟೇಪ್ ಹಿಡಿದು ಅಳೆದ ಸೆಂಟಿಮೀಟರ್ ತುಂಬಿದರೆ ಮುಗೀತು ಅಂತ ಎಲ್ಲರೂ ಅಂದುಕೊಳ್ತಾರೆ. ಟೇಪಿಗೆ ಫಿಲ್ಟರಿನ ಫೇಸ್ ಕಾಣಲ್ಲ. ನಾನು ಮೊದಲು ವೂಫರಿನ ಎರಡು ವೈರು ಅದಲು ಬದಲು ಮಾಡಿದೆ. ಹಳ್ಳ ಅಲ್ಲೇ ಐದಾರು ಡಿಬಿ ತುಂಬಿಕೊಂಡಿತು. ಐದಾರು ಡಿಬಿ ಪವರಿನಿಂದ ಬರಬೇಕಾದರೆ 250 ವ್ಯಾಟ್ ಇದ್ದದ್ದು ಸಾವಿರದ ಹತ್ತಿರ ಹೋಗಬೇಕು. 70-90 ಹರ್ಟ್ಸಿನ ಆ ಪಟ್ಟಿಯಷ್ಟೇ ಜಾಗದಲ್ಲಿ ಅನ್ನೋದು ನಿಜ, ಕೆಳಗಿನ 40ಕ್ಕೆ ಅದರಿಂದ ಏನೂ ಆಗಲ್ಲ. ಆದರೆ ಡೊಳ್ಳಿನ, ಡ್ರಮ್ಮಿನ ಗುದ್ದು ಕೂತಿರುವುದೇ ಆ ಪಟ್ಟಿಯಲ್ಲಿ. ಖರ್ಚು ಸೊನ್ನೆ.

ಅಲ್ಲಿಂದ ಮುಂದೆ ಮುಂಭಾಗದ ಸ್ಪೀಕರುಗಳ ಡಿಲೇ (ಸದ್ದು ತಡವಾಗಿ ಬಿಡೋದು) ಸ್ವಲ್ಪ ಸ್ವಲ್ಪ ಏರಿಸುತ್ತಾ, ಪ್ರತಿ ಸಲ ಅಳೆಯುತ್ತಾ ಹೋದೆ. ಒಂದು ಹಂತದಲ್ಲಿ ಬಾಸ್ ಡಿಕ್ಕಿ ಬಿಟ್ಟು ಎದ್ದು ಬಂದು ಮುಂದೆ ಬೋನೆಟ್ ಮೇಲೆ ಕೂತಿತು. ಬೇರೆ ಮಾತಿನಲ್ಲಿ ಹೇಳೋಕೆ ಬರಲ್ಲ. ಪಕ್ಕದಲ್ಲಿ ಕೂತಿದ್ದ ಮಗಳು ಹಿಂದೆ ತಿರುಗಿ, "ಅಪ್ಪ, ವೂಫರ್ ಆಫ್ ಮಾಡಿದ್ಯಾ?" ಅಂದಳು. ಇದರ ಜೊತೆಗೆ ಈಕ್ವಲೈಜರಿನಲ್ಲಿ ಎರಡು ಕಡೆ ಇಳಿಸಿದ್ದೇನೆ, ಎಲ್ಲೂ ಏರಿಸಿಲ್ಲ. ಯಾವ ಎರಡು ಅಂತ ಬರೆಯಲ್ಲ. ನಿಮ್ಮ ಗಾಡಿಯದ್ದು ಬೇರೆ ಇರುತ್ತೆ ಅನ್ನೋದು ಒಂದು ಕಾರಣ, ಇನ್ನೊಂದು ಕಾರಣ ನನಗೆ ಗೊತ್ತಿದೆ.

ಮೈಕ್ ಸಿಗದವರು ಕಿವಿಯಲ್ಲೇ ಮಾಡಬಹುದು: 80 ಹರ್ಟ್ಸ್ ಟೋನ್ ಹಾಕಿ, ಮುಂದಿನದು ಹಿಂದಿನದು ಎರಡೂ ಆಡಿಸಿ, ವೂಫರ್ ವೈರ್ ಅದಲು ಬದಲು ಮಾಡಿ. ಯಾವುದರಲ್ಲಿ ಜೋರು, ಅದೇ ಸರಿ. ಫೋನಿನ ಮೈಕ್ ನಂಬಿ ಕೆಳಗಿನ ಬಾಸ್ ಅಳೆಯಬೇಡಿ, ಎಷ್ಟೋ ಫೋನು ತಳವನ್ನು ತಾವೇ ಕತ್ತರಿಸುತ್ತವೆ. ಎರಡು ಸ್ಥಿತಿ ಹೋಲಿಸೋಕೆ ಮಾತ್ರ ಸಾಕು.

ಬಾಕ್ಸಿನ ಮುಖ ಯಾವ ಕಡೆ ಅನ್ನೋದೂ ನೋಡಿದೆ. ಸೀಟಿನ ಕಡೆ, ಮೇಲೆ, ಹಿಂಬಾಗಿಲ ಕಡೆ. ನನ್ನ ಗಾಡಿಯಲ್ಲಿ ಹಿಂಬಾಗಿಲ ಕಡೆ ತಿರುಗಿಸಿ ಬಲಮೂಲೆಗೆ ಒತ್ತಿದಾಗ 50ರ ಸುತ್ತ ಎರಡು ಮೂರು ಡಿಬಿ ಹೆಚ್ಚು. ಇದೂ ಪುಕ್ಕಟೆ. ಗೆಳೆಯನ ಸೆಡಾನಿನಲ್ಲಿ ಇದೇ ಮಾಡಹೋದರೆ ಸೀಟಿನ ಹಿಂದಿನ ತಗಡು ಅರ್ಧ ತಿಂದುಹಾಕಿತು. ಅಲ್ಲಿ ಆರ್ಮ್‌ರೆಸ್ಟ್ ಕಿಂಡಿ ತೆರೆದಿಟ್ಟರೆ ಮಾತ್ರ ಜೀವ.

ಬಾಸ್ ಶುದ್ಧವಾದ ಮೇಲೆ ಇನ್ನೊಂದು ಪೀಡೆ ಶುರುವಾಯಿತು. ಇಷ್ಟು ದಿನ 'ಗುಂಯ್' ಅಡಿಯಲ್ಲಿ ಅಡಗಿದ್ದ ಗಲಗಲ ಎಲ್ಲ ಹೊರಗೆ ಬಂತು. ನಂಬರ್ ಪ್ಲೇಟು, ಹಿಂದಿನ ವೈಪರ್ ಮೋಟಾರಿನ ಮುಚ್ಚಳ, ಪಾರ್ಸೆಲ್ ಟ್ರೇ, ಜಾಕಿ, ಬಾಗಿಲೊಳಗೆ ಬೀಗದ ಸರಳು. 30ರಿಂದ 80ರವರೆಗೆ ನಿಧಾನವಾಗಿ ಏರುವ ಟೋನ್ ಹಾಕಿ, ಹೊರಗೆ ನಿಂತು ಒಂದೊಂದೇ ಒತ್ತಿ ಹಿಡಿದರೆ ಕಳ್ಳ ಸಿಗುತ್ತಾನೆ. ತಗಡಿನ ನಡುಕ ಅಡಗಿಸುವ ಬ್ಯೂಟೈಲ್ ಶೀಟು ಎರಡು ಸಾವಿರದ ಇನ್ನೂರು, ಫೋಮ್ ಟೇಪು ನೂರೈವತ್ತು. ಶೀಟು ಇಡೀ ತಗಡಿಗೆ ಬಳಿಯಬೇಕಿಲ್ಲ, ಬೆರಳಲ್ಲಿ ತಟ್ಟಿ ಡಬ್ಬದ ಸದ್ದು ಬರುವ ಕಡೆ ಅಂಟಿಸಿದರೆ ಸಾಕು. ಅಂಗಡಿಯವರು ಇಡೀ ಬಾಗಿಲು ಮುಚ್ಚಿಸಲು ನೋಡ್ತಾರೆ, ಅವರಿಗೆ ಶೀಟಿನ ಲೆಕ್ಕದಲ್ಲಿ ಕಾಸು.

ಇಲ್ಲಿಗೆ ಬಂದಾಗ ಬಾಮೈದ ತನ್ನ ವೂಫರ್ ಹಾಕಿಸಿಕೊಂಡಿದ್ದ. ಅಂಗಡಿಯವರು ನನಗೆ ಹೇಳಿದ್ದೇ ಮಾದರಿ, ಅದೇ ಮೂವತ್ತೆಂಟರ ಪಟ್ಟಿ, ಮುಚ್ಚಿದ ಬಾಕ್ಸು. "ಭಾವ, ಒಂದ್ಸಲ ಪಕ್ಕಪಕ್ಕ ಇಟ್ಟು ಕೇಳೋಣ, ಆಮೇಲೆ ನೀವೇ ತಗೋತೀರ" ಅಂದ. ಇದೇ ಬೇಕಿತ್ತು ನನಗೆ.

ಸುಮ್ಮನೆ ಒಂದು ಗಾಡಿಯಿಂದ ಇನ್ನೊಂದಕ್ಕೆ ಇಳಿದು ಹತ್ತಿ ಕೇಳಿದರೆ ಏನೂ ಗೊತ್ತಾಗಲ್ಲ. ಯಾವುದು ಒಂದು ಡಿಬಿ ಜೋರೋ ಅದೇ ಚೆನ್ನಾಗಿ ಕೇಳಿಸುತ್ತೆ. ಬಾಸಿನಲ್ಲಂತೂ ಕಿವಿ ಇನ್ನೂ ಮೋಸ ಮಾಡುತ್ತೆ, ಸದ್ದು ಸ್ವಲ್ಪ ಏರಿದರೂ ತಳ ಬಹಳ ಏರಿದ ಹಾಗೆ ಕೇಳಿಸುತ್ತೆ. ಇದನ್ನು 1933ರಲ್ಲೇ ಫ್ಲೆಚರ್ ಮತ್ತು ಮನ್ಸನ್ ಅಳೆದು ತೋರಿಸಿದ್ದಾರೆ. ಹಾಗಾಗಿ ನನ್ನ ಗಾಡಿಯ ಹಿಂದಿನ ಸೀಟು ಮಡಚಿ ಎರಡೂ ಬಾಕ್ಸು ಪಕ್ಕಪಕ್ಕ ಇಟ್ಟೆ. ಅವನ ವೂಫರಿಗೆ ಅವನ ಆಂಪು, ನನ್ನದಕ್ಕೆ ನನ್ನದು. ಬದಲಾಯಿಸೋದು ಸ್ಪೀಕರ್ ವೈರಿನಲ್ಲಲ್ಲ, ಹೆಡ್ ಯೂನಿಟ್ಟಿನಿಂದ ಆಂಪಿಗೆ ಸಿಗ್ನಲ್ ತರುವ ಆರ್‌ಸಿಎ ವೈರಿನ ಕಡೆಯಲ್ಲಿ. ಎಸ್.ಪಿ. ರೋಡಿನ ನಲವತ್ತು ರೂಪಾಯಿ ಟಾಗಲ್ ಸ್ವಿಚ್ಚು, ಒಂದು ಪ್ಲಾಸ್ಟಿಕ್ ಡಬ್ಬಿ. ಇದರಲ್ಲಿ ಒಂದು ಲಾಭ ಇದೆ: ಎರಡೂ ಆಂಪ್ ಆನ್ ಇರೋದರಿಂದ ಆಡದೆ ಇರುವ ವೂಫರಿನ ಕೋನ್ ಸಡಿಲವಾಗಿ ತೂಗಾಡದೆ ಬಿಗಿಯಾಗಿ ನಿಲ್ಲುತ್ತೆ. ಇಲ್ಲದಿದ್ದರೆ ಸುಮ್ಮನಿರುವ ವೂಫರ್ ಕೂಡ ಪಕ್ಕದವನ ಬಾಸ್ ಹೀರುತ್ತೆ. ಸ್ವಿಚ್ ಒತ್ತಿದಾಗ ಬರುವ 'ಟಪ್' ಸದ್ದು ಯಾವ ಕಡೆ ಹೋಯಿತು ಅಂತ ಚಾಡಿ ಹೇಳಿಬಿಡುತ್ತಿತ್ತು. ಅದನ್ನು ಅಡಗಿಸಿದ್ದು ಹೇಗೆ ಅನ್ನೋದು ನನ್ನ ಹತ್ತಿರವೇ ಇರಲಿ.

ಪಿಂಕ್ ನಾಯ್ಸ್ (ಎಲ್ಲ ಸ್ವರವೂ ಬೆರೆತ ಪರೀಕ್ಷೆಯ ಸದ್ದು) ಹಾಕಿ, ಡ್ರೈವರ್ ತಲೆಯ ಜಾಗದಲ್ಲಿ ಮೈಕ್ ಇಟ್ಟು, 30ರಿಂದ 80 ಹರ್ಟ್ಸಿನ ನಡುವೆ ಎರಡನ್ನೂ ಅರ್ಧ ಡಿಬಿಯೊಳಗೆ ಸಮ ಮಾಡಿದೆ. ಅದಕ್ಕೆ ಅವನ ಆಂಪ್ ನನ್ನದಕ್ಕಿಂತ ಎರಡು ಪಟ್ಟಿಗೂ ಮೀರಿ ಪವರ್ ಕೊಡಬೇಕಾಯಿತು, ಚೀಟಿಯ 84-88 ಲೆಕ್ಕ ಸುಳ್ಳಲ್ಲ. ನಾನು ಹಿಂದೆ ಕೂತು ಸ್ವಿಚ್ ಒತ್ತೋದು, ಮುಂದೆ ಕೂತವರು ಆಡುತ್ತಿರುವ ವೂಫರ್ ಒಂದೋ ಎರಡೋ ಹೇಳೋದು. ಕೂತವರಲ್ಲಿ ಬಾಮೈದ, ನನ್ನ ಜೊತೆ ಕೆಲಸ ಮಾಡುವವರು, ಭಜನೆಗೆ ಮೃದಂಗ ನುಡಿಸುವ ಒಬ್ಬ ಗೆಳೆಯ ಇದ್ದರು. ಆಮೇಲೆ ಬಾಕ್ಸುಗಳ ಎಡಬಲ ಜಾಗ ಬದಲಿಸಿ ಮತ್ತೆ ಮಾಡಿದೆವು.

ನಾವು ದಿನಾ ಕೇಳುವ ಸದ್ದಿನಲ್ಲಿ ಸರಿ ಉತ್ತರ ಅರ್ಧಕ್ಕರ್ಧ. ಕಾಸು ಚಿಮ್ಮಿದರೂ ಅಷ್ಟೇ ಸರಿ ಬರುತ್ತಿತ್ತು. ಬಾಮೈದ ಒಂದು ಸಲ ಬಹಳ ಭರವಸೆಯಿಂದ "ಇದೇ ನಂದು, ಈ ಗುದ್ದು ಬೇರೆಯದರಲ್ಲಿ ಬರಲ್ಲ" ಅಂದಾಗ ಆಡುತ್ತಿದ್ದದ್ದು ನನ್ನ ಐದು ಸಾವಿರದ್ದು. ಮೃದಂಗದ ಗೆಳೆಯ ಮಾತ್ರ ಎಡಗಡೆಯ ಪೆಟ್ಟಿನ ಕೊನೆಯಲ್ಲಿ ಏನೋ ವ್ಯತ್ಯಾಸ ಹಿಡೀತಿದ್ದ; ಯಾವುದು ದುಬಾರಿ ಅಂತ ಹೇಳೋಕೆ ಅವನಿಗೂ ಆಗಲಿಲ್ಲ.

ಆದರೆ ಸದ್ದು ಏರಿಸುತ್ತಾ ಹೋದಾಗ ಕಥೆ ಬೇರೆ, ಅದನ್ನೂ ಮುಚ್ಚಿಡಬಾರದು. ಬೇರೆಯವರ ಗಾಡಿಗೆ ಕೇಳಿಸುವಷ್ಟು ಜೋರು, ಅದೂ 30 ಹರ್ಟ್ಸಿನ ಹತ್ತಿರದ ಸಿಂತ್ ಬಾಸ್ ಇರುವ ಟ್ರ್ಯಾಕು ಹಾಕಿದಾಗ ನನ್ನ ವೂಫರ್ 'ಟಕ್ ಟಕ್' ಅಂತ ತಳ ಹೊಡೆಯಿತು, ಅವನದ್ದು ಜಗ್ಗಲಿಲ್ಲ. ದುಡ್ಡು ಕೊಟ್ಟದ್ದು ಅಲ್ಲಿದೆ: ಕೋನ್ ಎಷ್ಟು ದೂರ ಹೋಗಿ ಬರಬಲ್ಲದು ಅನ್ನೋದರಲ್ಲಿ. ಬಾಸ್ ಗಿಟಾರಿನ ಮಂದ್ರ ತಂತಿ 41 ಹರ್ಟ್ಸು. ನಾನು ಕೇಳುವ ಹಾಡಿನಲ್ಲಿ ಅದಕ್ಕಿಂತ ಕೆಳಗೆ ಹೋಗುವುದು ಅಪರೂಪ. ತೀರಾ ತಳದ ಸ್ವರ ಕತ್ತರಿಸುವ ಸಬ್‌ಸಾನಿಕ್ ಫಿಲ್ಟರ್ 28 ಹರ್ಟ್ಸಿಗೆ ಇಟ್ಟ ಮೇಲೆ ಆ 'ಟಕ್' ಕೂಡ ಬಂದಿಲ್ಲ.

ಆದ್ದರಿಂದ ಯಾರು ಬದಲಿಸಬೇಕು ಅಂತ ಕೇಳಿದರೆ: ಬಾಕ್ಸ್, ವೈರ್, ಫೇಸ್ ಸರಿ ಮಾಡಿದ ಮೇಲೂ ನಿಮ್ಮ ಅತಿ ಜೋರಿನ ಸದ್ದಿನಲ್ಲಿ ಕೋನ್ ತಳ ಹೊಡೀತಿದ್ದರೆ, ಅಥವಾ ಅರ್ಧ ಗಂಟೆ ಆಡಿಸಿದ ಮೇಲೆ ಬಾಸ್ ತಾನಾಗಿ ಸೊರಗಿ ಕಾಯಿಲ್ ಬಿಸಿ ವಾಸನೆ ಬರುತ್ತಿದ್ದರೆ, ಬದಲಿಸಿ. ಸ್ಪರ್ಧೆಗೆ ಹೋಗುವವರು, ಕಿಟಕಿ ಇಳಿಸಿಕೊಂಡೇ ಓಡಿಸುವವರು, ಇಂಥವರಿಗೆ ದೊಡ್ಡದು ಬೇಕೇ ಬೇಕು. ಎರಡನೇ ವೂಫರ್ ಸೇರಿಸೋದೂ ಒಂದು ದಾರಿ: ಅಂಥದ್ದೇ ಇನ್ನೊಂದು ಐದು ಸಾವಿರದ್ದು ಹಾಕಿ, ಅದಕ್ಕೂ ಅಷ್ಟೇ ಪವರ್ ಕೊಟ್ಟರೆ 6 ಡಿಬಿ. ಡಿಕ್ಕಿ ಮಾತ್ರ ಮರೆತುಬಿಡಬೇಕು. ನಮ್ಮ ಮನೆಯಲ್ಲಿ ಅದು ನಡೆಯಲ್ಲ, ವಾರಕ್ಕೊಮ್ಮೆ ತರಕಾರಿ, ತಿಂಗಳಿಗೊಮ್ಮೆ ಅಕ್ಕಿ ಮೂಟೆ.

ಒಟ್ಟು ಖರ್ಚು ಒಂಬತ್ತು ಸಾವಿರ ಚಿಲ್ಲರೆ, ಕೆಪಾಸಿಟರ್ ಮತ್ತು ಸೀಟಿನಡಿಯ ವೂಫರ್ ಬಿಟ್ಟು. ಅವನ್ನೂ ಸೇರಿಸಿದರೆ ಹದಿನೈದರ ಹತ್ತಿರ, ಆದರೂ ಮೂವತ್ತೆಂಟಿನ ಅರ್ಧವೂ ಅಲ್ಲ. ಬಾಮೈದನ ಗಾಡಿಗೂ ಫೇಸ್ ಸರಿ ಮಾಡಿಕೊಟ್ಟಿದ್ದೇನೆ. ಅವನದ್ದರಲ್ಲೂ ವೈರ್ ತಿರುವುಮುರುವಾಗಿಯೇ ಇತ್ತು. ಈಗ ಅದು ಜೋರಾಗಿ ಕೇಳಿದರೆ ನನ್ನದಕ್ಕಿಂತ ಚೆನ್ನಾಗಿದೆ, ಒಪ್ಪುತ್ತೇನೆ.

ಉಳಿದ ದುಡ್ಡು ಮುಂದಿನ ಬಾಗಿಲಿಗೆ. ಹಳ್ಳ ತುಂಬಿದ ಮೇಲೆ ಬಾಗಿಲ ಸ್ಪೀಕರಿನ ಕೊರತೆ ಎದ್ದು ಕಾಣುತ್ತಿದೆ: 80ರಿಂದ 150ರವರೆಗೆ ಸ್ವಲ್ಪ ತೆಳು. ಸ್ಪೀಕರ್ ಅಲ್ಲ, ಅದು ಕೂತಿರುವ ಪ್ಲಾಸ್ಟಿಕ್ ರಿಂಗ್ ಬಗ್ಗೆ ನನಗೆ ಅನುಮಾನ. ಪ್ಲೈ ರಿಂಗ್ ಬಾಗಿಲೊಳಗಿನ ಮಳೆನೀರಿಗೆ ಕೊಳೆಯುತ್ತೆ, ಅದಕ್ಕೆ ಎಚ್‌ಡಿಪಿಇ (ಗಟ್ಟಿ ಪ್ಲಾಸ್ಟಿಕ್) ಹಲಗೆ ತಂದಿಟ್ಟಿದ್ದೇನೆ. ಕೆಲಸದ ಕಡೆ ಲೇತ್ ಖಾಲಿ ಸಿಕ್ಕ ದಿನ 20 ಎಂಎಂ ದಪ್ಪಕ್ಕೆ ಎರಡು ರಿಂಗ್ ತಿರುವಿ ಹಾಕಬೇಕು. ಹಳೇ ರಿಂಗಿನಲ್ಲಿ ತೆಗೆದ ಗ್ರಾಫ್ ಲ್ಯಾಪ್‌ಟಾಪಿನಲ್ಲಿದೆ.